ಮಗನ ಫೋನಿಗೆ ಬೀಗ ಹಾಕಿದೆ, ಈಗ ಅವನು ನನ್ನ ಜೊತೆ ಮಾತೇ ಆಡುತ್ತಿಲ್ಲ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಮನೆಯವರು ಟಿಪ್ಪರ್ ಓಡಿಸುತ್ತಾರೆ, ವಾರದಲ್ಲಿ ಮೂರ್ನಾಲ್ಕು ರಾತ್ರಿ ಮನೆಯಲ್ಲಿ ಇರುವುದಿಲ್ಲ. ಮಗನಿಗೆ 12 ವರ್ಷ, ಏಳನೇ ಕ್ಲಾಸು. ಮಗಳಿಗೆ 4. ಹೋಂವರ್ಕ್ ವಾಟ್ಸಾಪ್‌ನಲ್ಲಿ ಬರುತ್ತದೆ ಎಂದು ಹೋದ ವರ್ಷ ಮಗನಿಗೆ ನನ್ನ ಹಳೇ ಫೋನ್ ಕೊಟ್ಟೆವು. ಈಗ ಗುಂಡು ಹಾರಿಸುವ ಆಟ, ವಿಡಿಯೊ, ಬೇರೆ ಏನೂ ಬೇಡ. ಒಂದು ದಿನ ನಡುರಾತ್ರಿ ಎದ್ದು ನೋಡಿದರೆ ಹೊದಿಕೆ ಒಳಗೆ ಆಡುತ್ತಿದ್ದ. ಅವನಿಗೆ ಹೇಳದೆ ಫ್ಯಾಮಿಲಿ ಲಿಂಕ್ ಹಾಕಿದೆ, ಮಕ್ಕಳ ಫೋನಿಗೆ ಸಮಯದ ಮಿತಿ ಹಾಕುವ ಗೂಗಲ್‌ನ ಆ್ಯಪ್ ಅದು. ನನ್ನ ಫೋನಿನ ಪ್ಯಾಟರ್ನ್ ಅವನಿಗೆ ಗೊತ್ತಿತ್ತು. ನಾನು ಸ್ನಾನಕ್ಕೆ ಹೋದಾಗ ಅದರಿಂದ ತನಗೆ ತಾನೇ ಬೋನಸ್ ಟೈಮ್, ಅಂದರೆ ಮಿತಿಗಿಂತ ಹೆಚ್ಚಿನ ಸಮಯ, ಕೊಟ್ಟುಕೊಳ್ಳುತ್ತಿದ್ದ. ಸಿಕ್ಕಿಬಿದ್ದಾಗ ಸಿಟ್ಟಲ್ಲಿ ಹೊಡೆದೆ. 'ನೀನು ನನ್ನ ಮೇಲೆ ಸಿಐಡಿ ಕೆಲಸ ಮಾಡ್ತೀಯಾ' ಎಂದವನು ಈಗ ಸರಿಯಾಗಿ ಮಾತಾಡುತ್ತಿಲ್ಲ. ಅಜ್ಜಿ ಫೋನ್ ಹಿಡಿದು ಕೂರುತ್ತಾನೆ. ನಮ್ಮ ಮನೆಯವರು 'ಅದನ್ನ ತೆಗೆದುಬಿಡು, ಗಂಡು ಹುಡುಗ, ತಾನೇ ಸರಿಹೋಗ್ತಾನೆ' ಅನ್ನುತ್ತಾರೆ. ಸಿಟ್ಟು ಬಂದ ದಿನ 'ಫೋನೇ ಒಡೆದು ಹಾಕ್ತೀನಿ' ಅನ್ನುತ್ತಾರೆ. ಪಕ್ಕದ ಮನೆಯವರು ಇನ್ನೊಂದು ಆ್ಯಪ್‌ನ ಲಿಂಕ್ ಕಳಿಸಿದ್ದಾರೆ. ಅದನ್ನು ಹಾಕಿದರೆ ಅವನಿಗೆ ಗೊತ್ತಾಗದ ಹಾಗೆ ಅವನ ಚಾಟ್, ಫೋಟೊ ಎಲ್ಲ ನನಗೆ ಕಾಣುತ್ತದಂತೆ. ಹಾಕಲಾ? ಇಲ್ಲ, ಎಲ್ಲವನ್ನೂ ತೆಗೆದುಬಿಡಲಾ?

– ಹೆಸರು ಬೇಡ

ಉತ್ತರ: ಎರಡೂ ಬೇಡ. ಆ ಹೊಸ ಆ್ಯಪ್ ಹಾಕಬೇಡಿ. ಈಗ ಇರುವುದನ್ನು ತೆಗೆಯಲೂ ಬೇಡಿ. ಆದರೆ ಅದನ್ನು ಮತ್ತೆ ಮೊದಲಿಂದ ಹಾಕಬೇಕು, ಈ ಸಲ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಮೊದಲು ಆ ಲಿಂಕ್ ವಿಷಯ. ಫೋನಿನಲ್ಲಿ ಕಾಣದ ಹಾಗೆ ಅಡಗಿ ಕೂರುವ ಪತ್ತೇದಾರಿ ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ಜಾಗವಿಲ್ಲ. ಮಕ್ಕಳ ಮೇಲೆ ಕಣ್ಣಿಡಲು ಮಾಡಿದ ಆ್ಯಪ್ ಆದರೂ, ತಾನು ಕೆಲಸ ಮಾಡುತ್ತಿದ್ದೇನೆ ಎಂದು ಆ ಫೋನಿನಲ್ಲಿ ಸದಾ ತೋರಿಸುತ್ತಿರಬೇಕು ಎನ್ನುವುದು ಅಲ್ಲಿನ ನಿಯಮ. ಅದಕ್ಕೇ ಇಂಥವು ಲಿಂಕ್ ಮೂಲಕ ಬರುತ್ತವೆ. ಹಾಕುವಾಗ ಫೋನಿನ ಸುರಕ್ಷತೆಯ ಸೆಟ್ಟಿಂಗ್‌ಗಳನ್ನೇ ಆಫ್ ಮಾಡಿ ಎನ್ನುತ್ತವೆ. ಆಮೇಲೆ ನಿಮ್ಮ ಮಗನ ಫೋಟೊ, ಅವನ ಗೆಳೆಯರ ಮಾತು, ಪಕ್ಕದ ಬೆಂಚಿನ ಹುಡುಗಿ ಕಳಿಸಿದ ನೋಟ್ಸ್, ಎಲ್ಲ ಯಾರದೋ ಸರ್ವರ್‌ಗೆ ಹೋಗಿ ಕೂರುತ್ತವೆ. ಅದು ಯಾರ ಕೈಗೆ ಸಿಗುತ್ತದೋ ನಿಮಗೂ ಗೊತ್ತಿಲ್ಲ, ಲಿಂಕ್ ಕಳಿಸಿದವರಿಗೂ ಗೊತ್ತಿಲ್ಲ.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ನಿಮ್ಮ ಮಗ ಆಡುವಂಥ ಆಟಗಳಲ್ಲಿ ಅಪರಿಚಿತರು ಮಾತಾಡಿಸುತ್ತಾರೆ. ಮೈಕ್ ಆನ್ ಮಾಡಿದರೆ ಯಾವುದೋ ಊರಿನ ಯಾರೋ. 'ಆಟದಲ್ಲಿ ಬಳಸೋ ಡೈಮಂಡ್ ಫ್ರೀಯಾಗಿ ಕೊಡ್ತೀನಿ, ನಿಮ್ಮಮ್ಮನ ಫೋನಿಗೆ ಬಂದ ಓಟಿಪಿ ಹೇಳು' ಎನ್ನುವವರು ಇರುತ್ತಾರೆ. ಫೋಟೊ ಕಳಿಸು ಎನ್ನುವವರೂ ಇರುತ್ತಾರೆ. ಅಂಥ ದಿನ ನಿಮ್ಮ ಮಗ ಓಡಿ ಬಂದು 'ಅಮ್ಮ, ಒಬ್ಬ ಹಿಂಗಂತಿದ್ದಾನೆ' ಎಂದು ಹೇಳಬೇಕು. ಅವನನ್ನು ಕಾಯುವುದು ಆ ಮಾತೇ. ಹೇಳಿದರೆ ಹೊಡೆತ ಬೀಳುತ್ತದೆ, ಫೋನ್ ಹೋಗುತ್ತದೆ ಎಂದು ಹೆದರಿದ ಮಗು ಬಾಯಿ ಬಿಡುವುದಿಲ್ಲ. ಕದ್ದು ಓದಿದ್ದು ಗೊತ್ತಾದರಂತೂ ಮುಗಿಯಿತು, ಅಡಗಿಸುವುದನ್ನು ಇನ್ನೂ ಚೆನ್ನಾಗಿ ಕಲಿಯುತ್ತಾನೆ. ಯಾವ ಬೀಗ ಹಾಕುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹಾಕಿದ ಮೇಲೂ ಅವನು ನನ್ನ ಹತ್ತಿರ ಬಂದು ಹೇಳುತ್ತಾನಾ?

ಹಾಗಂತ ಬೀಗವೇ ಬೇಡ ಎಂದು ನಾನು ಹೇಳುವುದಿಲ್ಲ. ನಡುರಾತ್ರಿ ಆಟ ಆಡುವ ಹನ್ನೆರಡರ ಹುಡುಗನಿಗೆ 'ನೀನೇ ಅರ್ಥ ಮಾಡ್ಕೋ' ಎಂದು ಬಿಟ್ಟುಬಿಡುವುದು ಅನ್ಯಾಯ. ಆ ಆಟಗಳನ್ನು ನಿಲ್ಲಿಸಲು ಮನಸ್ಸೇ ಬಾರದ ಹಾಗೆ ಮಾಡಿರುತ್ತಾರೆ. ಒಂದು ವಿಡಿಯೊ ಮುಗಿಯುವಷ್ಟರಲ್ಲಿ ಇನ್ನೊಂದು ತಾನೇ ಶುರುವಾಗುತ್ತದೆ. ದೊಡ್ಡವರಿಗೇ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ನಿಮ್ಮ ಮನೆಯವರ ಮಾತಿನ ಹಿಂದೆ ಪ್ರೀತಿ ಇದೆ. ಆದರೆ ಈ ವಿಷಯದಲ್ಲಿ ತಾನೇ ಸರಿಹೋಗಲಿ ಎಂದು ಕಾಯಬೇಡಿ.

ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿ ಇರುವಾಗ, ತಿಂಡಿ ಆದಮೇಲೆ ಕೂತುಕೊಳ್ಳಿ. ಜಗಳ ಆದ ದಿನ ಮಾತ್ರ ಬೇಡ. ಮೊದಲ ಮಾತು ನಿಮ್ಮದಾಗಿರಲಿ. 'ನಿನಗೆ ಹೇಳದೆ ಹಾಕಿದ್ದು, ಹೊಡೆದಿದ್ದು ಎರಡೂ ತಪ್ಪು ಕಣೋ. ಇನ್ಮೇಲೆ ಹಾಗೆ ಮಾಡಲ್ಲ. ಆದ್ರೆ ಬೀಗ ಇರುತ್ತೆ, ಯಾಕೆ ಅಂತ ಹೇಳ್ತೀನಿ ಕೇಳು.' ಇಷ್ಟು ಹೇಳಿದರೆ ತಾಯಿಯ ಮರ್ಯಾದೆ ಏನೂ ಕಮ್ಮಿ ಆಗುವುದಿಲ್ಲ. ಬೋನಸ್ ಟೈಮ್ ಕದ್ದಿದ್ದು ತಪ್ಪು ಎಂದು ಅವನಿಗೂ ಗೊತ್ತು. ಅದನ್ನು ಒಂದೇ ಸಲ ಹೇಳಿ ಮುಗಿಸಿ.

ಆಮೇಲೆ ನಿಮ್ಮ ಫೋನ್ ಅವನ ಕೈಗೆ ಕೊಟ್ಟು, ಫ್ಯಾಮಿಲಿ ಲಿಂಕ್‌ನಲ್ಲಿ ನಿಮಗೆ ಏನೇನು ಕಾಣುತ್ತದೆ ಎಂದು ತೋರಿಸಿ. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದ, ಫೋನ್ ಎಲ್ಲಿದೆ, ಯಾವ ಹೊಸ ಆ್ಯಪ್ ಕೇಳಿದ, ಇಷ್ಟು ಕಾಣುತ್ತದೆ. ಅವನ ಮೆಸೇಜ್ ಓದಲು, ಕರೆ ಕೇಳಲು ಅದರಲ್ಲಿ ಆಗುವುದಿಲ್ಲ. ಇದು ಅವನಿಗೆ ಗೊತ್ತಿರಲಾರದು. ಅಮ್ಮ ಎಲ್ಲವನ್ನೂ ಓದುತ್ತಾಳೆ ಎಂದುಕೊಂಡೇ ಸಿಐಡಿ ಎಂದಿರಬೇಕು. ಫೋನ್ ಎಲ್ಲಿದೆ ಎಂದು ನೋಡುವ ಸೌಲಭ್ಯ ನಿಮ್ಮಂಥ ಸಣ್ಣ ಊರಲ್ಲಿ ದಿನಾ ಬೇಕಾಗುವುದಿಲ್ಲ. ಅದನ್ನು ಅವನ ಎದುರಿಗೇ ಆಫ್ ಮಾಡಿ ನೋಡಿ. ನಿಮ್ಮ ಮಾತಿನ ಮೇಲೆ ಅವನಿಗೆ ಸ್ವಲ್ಪ ನಂಬಿಕೆ ಬರುತ್ತದೆ. ಆಮೇಲೆ ನಿಮ್ಮ ಫೋನಿನ ಪ್ಯಾಟರ್ನ್ ತೆಗೆದು ಆರಂಕಿಯ ಪಿನ್ ಹಾಕಿ. ಯಾರ ಹುಟ್ಟಿದ ದಿನವೂ ಬೇಡ, ಗಾಡಿ ನಂಬರೂ ಬೇಡ. ನಿಮ್ಮ ಜಿಮೇಲ್ ಪಾಸ್‌ವರ್ಡ್ ಕೂಡ ಬದಲಾಯಿಸಿ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಏನು ಕೊಳ್ಳಬೇಕಿದ್ದರೂ ನಿಮ್ಮ ಒಪ್ಪಿಗೆ ಬೇಕು ಎಂಬ ಆಯ್ಕೆ ಇದೆ. ಅದು ಆನ್ ಇದೆಯಾ ನೋಡಿಕೊಳ್ಳಿ.

ಬೀಗವನ್ನು ಎಲ್ಲ ಕಡೆ ಒಂದೇ ಥರ ಬಿಗಿಯಾಗಿ ಹಾಕಬೇಡಿ. ರಾತ್ರಿಯದು ಗಟ್ಟಿಯಾಗಿರಲಿ, ಅಲ್ಲಿ ಚೌಕಾಸಿ ಇಲ್ಲ. ಡೌನ್‌ಟೈಮ್ ಎನ್ನುವ ಸೆಟ್ಟಿಂಗ್‌ನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6.30ರವರೆಗೆ ಹಾಕಿ. ಆ ಹೊತ್ತಿನಲ್ಲೂ ಬಂದ ಕರೆ ತೆಗೆದುಕೊಳ್ಳಬಹುದು, ತುರ್ತು ಕರೆ ಮಾಡಬಹುದು. ಅಪ್ಪ ದಾರಿಯಿಂದ ಫೋನ್ ಮಾಡಿದರೆ ಸಿಗುವುದಿಲ್ಲ ಎಂಬ ಚಿಂತೆ ಬೇಡ. ಬೀಗಕ್ಕಿಂತ ಒಳ್ಳೆಯದು, ಫೋನ್ ಅವನು ಮಲಗುವ ಕೋಣೆಯಲ್ಲೇ ಇರದಿರುವುದು. ಹಾಲ್‌ನಲ್ಲಿ ಒಂದು ಚಾರ್ಜಿಂಗ್ ಜಾಗ ಮಾಡಿ. ರಾತ್ರಿ ಎಲ್ಲರ ಫೋನೂ ಅಲ್ಲೇ ಇರಲಿ. ಎಲ್ಲರದು ಎಂದರೆ ನಿಮ್ಮದೂ, ಅತ್ತೆಯದೂ, ಮನೆಯಲ್ಲಿ ಇರುವ ದಿನ ಅವರಪ್ಪನದೂ. ನಿಮ್ಮ ಫೋನ್ ದಿಂಬಿನ ಪಕ್ಕ ಇದ್ದರೆ ಅವನ ಫೋನ್ ಹಾಲ್‌ಗೆ ಹೋಗುವುದಿಲ್ಲ.

ಹಗಲಿನ ಸಮಯ ಅವನೊಂದಿಗೆ ಮಾತಾಡಿ ಗೊತ್ತು ಮಾಡಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 10 ವರ್ಷದವರಿಗೆ ದಿನಕ್ಕೆ ಎರಡು ಗಂಟೆಯ ಒಳಗೆ ಎನ್ನುತ್ತದೆ. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ. ಅವನಿಗೆ ಗಂಟೆಯ ಲೆಕ್ಕಕ್ಕಿಂತ ನಿದ್ದೆ, ಓದು, ಆಟ, ಮನೆಯವರ ಜೊತೆ ಊಟ, ಇವು ಹೋಗದೆ ಉಳಿದಿವೆಯಾ ಎಂದು ನೋಡುವುದು ಮುಖ್ಯ. ಸ್ಕೂಲಿನ ದಿನ ಒಂದು ಗಂಟೆ, ರಜೆಯ ದಿನ ಎರಡು ಎಂದು ಶುರು ಮಾಡಬಹುದು. ಅವನು ಎಷ್ಟು ಕೇಳುತ್ತಾನೆ ಎಂದು ಮೊದಲು ಕೇಳಿಸಿಕೊಳ್ಳಿ. ತಾನೇ ಒಪ್ಪಿದ ಸಮಯವನ್ನು ಮುರಿಯಲು ಅವನಿಗೂ ಸ್ವಲ್ಪ ಕಷ್ಟ.

ಇಲ್ಲಿ ಅಪ್ಪ ಅಮ್ಮಂದಿರಿಗೆ ಗೊತ್ತಾಗದೆ ಹೋಗುವ ಒಂದು ಸಂಗತಿ ಇದೆ. ಈ ಗುಂಪಿನ ಆಟಗಳಲ್ಲಿ ಒಂದು ಮ್ಯಾಚ್ ಅರ್ಧ ಗಂಟೆಯವರೆಗೂ ಎಳೆಯಬಹುದು. ನಡುವೆ ಬಿಟ್ಟುಹೋದರೆ ತನ್ನ ತಂಡ ಸೋಲುತ್ತದೆ, ಮರುದಿನ ಸ್ಕೂಲಿನಲ್ಲಿ ಗೆಳೆಯರು ಬೈಯುತ್ತಾರೆ. ಅವನು ಕೂಗಾಡುವುದು ಫೋನಿನ ಚಟಕ್ಕೆ ಎಂದು ನಿಮಗೆ ಕಾಣುತ್ತದೆ. ಅವನಿಗೆ ಅದು ಗೆಳೆಯರ ಮುಂದೆ ಮಾನದ ಪ್ರಶ್ನೆ. ಸಮಯ ಮುಗಿಯುವ ಮೊದಲು ಫೋನ್ ಎಚ್ಚರಿಕೆ ಕೊಡುತ್ತದೆ, ಆದರೆ ಮ್ಯಾಚ್ ಮಧ್ಯೆ ಅದನ್ನು ಯಾರು ನೋಡುತ್ತಾರೆ? ಮುಗಿಯುವುದಕ್ಕೆ ಅರ್ಧ ಗಂಟೆ ಇರುವಾಗ ಹೊಸ ಮ್ಯಾಚ್ ಶುರು ಮಾಡಬಾರದು ಎಂದು ಅವನಿಂದಲೇ ಒಪ್ಪಿಸಿ. ಅಪರೂಪಕ್ಕೆ ಐದು ನಿಮಿಷ ಜಾಸ್ತಿ ಬೇಕು ಎಂದು ಬಾಯಿ ಬಿಟ್ಟು ಕೇಳಿದರೆ ನೀವೇ ಬೋನಸ್ ಟೈಮ್ ಕೊಡಿ. ಕೇಳಿದರೆ ಸಿಗುತ್ತದೆ ಎಂದು ಗೊತ್ತಾದರೆ ಕದಿಯುವುದು ಕಮ್ಮಿಯಾಗುತ್ತದೆ. ಒಂದು ಸಂಜೆ ಅವನ ಪಕ್ಕ ಕೂತು ಆ ಆಟ ನೋಡಿ. ಅದರಲ್ಲಿ ಯಾರ ಜೊತೆ ಆಡುತ್ತಾನೆ, ಏನು ಗೆದ್ದ ಎಂದು ಕೇಳಿ. ಜೊತೆಗೆ ಪ್ಲೇ ಸ್ಟೋರ್‌ನಲ್ಲಿ ಆ ಆಟಕ್ಕೆ ಯಾವ ವಯಸ್ಸು ಬರೆದಿದೆ ಎಂದೂ ನೋಡಿ. 16+ ಅಥವಾ 18+ ಎಂದಿದ್ದರೆ ಅವನಿಗೆ ಅದು ಬೇಡ ಎನ್ನುವ ಹಕ್ಕು ನಿಮಗಿದೆ. ಅದರ ಬದಲು ಗೆಳೆಯರ ಜೊತೆಯೇ ಆಡುವ ಬೇರೆ ಆಟ ಯಾವುದು ಎಂದು ಅವನನ್ನೇ ಹುಡುಕಲು ಹೇಳಿ.

ಹೋಂವರ್ಕ್ ಗ್ರೂಪ್ ನಿಮ್ಮ ಫೋನಿನಲ್ಲಿ ಇರಲಿ. ವಾಟ್ಸಾಪ್‌ನ ನಿಯಮದಂತೆ ತಾನೇ ಖಾತೆ ತೆರೆಯಲು 13 ವರ್ಷ ಆಗಿರಬೇಕು. ಸಂಜೆ ನೀವು ಬಂದ ಮೇಲೆ ನೋಡಿ ಬರೆದುಕೊಂಡರೆ ಆಯಿತು. ತಡವಾಗುತ್ತದೆ ಎನಿಸಿದರೆ ಡೈರಿಯಲ್ಲಿ ಬರೆಸಿ ಕಳಿಸಿ ಎಂದು ಟೀಚರಿಗೆ ಹೇಳಿ. ಬೇರೆ ಮನೆಗಳಲ್ಲೂ ಇದೇ ತಾಪತ್ರಯ ಇದೆ, ನೀವು ಕೇಳಿದರೆ ಇನ್ನೂ ನಾಲ್ಕು ಜನ ದನಿಗೂಡಿಸುತ್ತಾರೆ.

ಅತ್ತೆಯವರ ಫೋನ್ ಸುಲಭ ಅಲ್ಲ. ಅವರಿಗೆ ಭಜನೆ, ಧಾರಾವಾಹಿ ಹಾಕಿಕೊಡುವವನು ಮೊಮ್ಮಗನೇ ಇರಬೇಕು. ಅವನು ಬೇಕು ಎಂದಾಗ ಅವರು ಇಲ್ಲ ಎನ್ನುವುದು ಹೇಗೆ? ಅವರ ಮೇಲೆ ಸಿಟ್ಟಾಗಬೇಡಿ. ಯೂಟ್ಯೂಬ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೆ ಬೇಕಾದ್ದು ಬರುತ್ತದೆ, ಅದನ್ನು ನೀವು ಕಲಿಸಿಕೊಡಿ. ಅವರ ಬೆರಳಚ್ಚಿಗೆ ಮಾತ್ರ ತೆರೆಯುವ ಹಾಗೆ ಫೋನ್ ಲಾಕ್ ಮಾಡಿ, ಪಿನ್ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿ. ಭಾನುವಾರದ ಮಾತನ್ನು ಮೊಮ್ಮಗನ ಎದುರು ಆಡುವ ಮೊದಲು ಅವರೊಬ್ಬರ ಹತ್ತಿರ ಆಡಿ. ಅವರೂ ಒಪ್ಪಿದ ಮೇಲೆ ಅದು ಮನೆಯ ನಿಯಮ ಆಗುತ್ತದೆ.

ಪತ್ರದಲ್ಲಿ ಒಂದು ವಿಷಯ ನೀವು ಬರೆದಿಲ್ಲ. ಸ್ಕೂಲಿಂದ ಬಂದ ಮೇಲೆ ನೀವು ಬರುವ ತನಕ ಆ ಹುಡುಗ ಏನು ಮಾಡಬೇಕು? ಆ ಎರಡು ಮೂರು ಗಂಟೆ ಖಾಲಿ ಇರುವವರೆಗೆ ಯಾವ ಬೀಗವೂ ನಿಲ್ಲುವುದಿಲ್ಲ. ಸ್ಕೂಲಿನ ಬಯಲಲ್ಲಿ ಸಂಜೆ ಆಡುವ ಹುಡುಗರು ಇದ್ದಾರಾ ನೋಡಿ. ಬೆಳಕಿರುವಾಗ ಹೊರಗೆ ಆಡುವುದು ಅವನ ಕಣ್ಣಿಗೂ ಒಳ್ಳೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ದುಡ್ಡಿಲ್ಲದೆ ಸದಸ್ಯತ್ವ ಕೊಡುತ್ತಾರೆ. ಸೈಕಲ್ ಕೊಟ್ಟು ಹಾಲು ಹಾಕಿ ಬರಲು ಕಳಿಸಿ. ಕೆಲಸ ಎಂದರೆ ಶಿಕ್ಷೆ ಎನಿಸದ ಹಾಗೆ, ಜವಾಬ್ದಾರಿ ಎನಿಸುವ ಹಾಗೆ ಕೊಡಿ.

ಮಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಮ್ಮಿ ಆದಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟ ಮಾಡಿಸಲು ಅವಳ ಕೈಗೆ ಫೋನ್ ಕೊಡುವ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ.

ನಿಮ್ಮ ಮನೆಯವರಿಗೆ ಒಂದು ಮಾತು. ಫೋನ್ ಒಡೆಯುವುದಾಗಲಿ, ಸಿಟ್ಟಿನಲ್ಲಿ ಕಿತ್ತುಕೊಳ್ಳುವುದಾಗಲಿ ಬೇಡ. ಈ ವಯಸ್ಸಿನ ಮಕ್ಕಳು ಆ ಕ್ಷಣದಲ್ಲಿ ದುಡುಕುತ್ತಾರೆ. ಬೀಗ ಹಾಕಿದ ಮೇಲೆ ಕೆಲವು ದಿನ ಮುಖ ಊದಿಸಿಕೊಳ್ಳುವುದು, ಗೊಣಗುವುದು ಸಹಜ. ಆದರೆ ಊಟ ನಿದ್ದೆ ಬಿಟ್ಟರೆ, ಸ್ಕೂಲಿಗೆ ಹೋಗುವುದಿಲ್ಲ ಎಂದು ಕೂತರೆ, ಮನೆಯವರ ಮೇಲೆ ಕೈ ಮಾಡಿದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. 'ಸತ್ತು ಹೋಗ್ತೀನಿ' ಎಂದು ಒಂದು ಸಲ ಅಂದರೂ ಅದನ್ನು ಬೆದರಿಕೆ ಎಂದು ತಳ್ಳಿಹಾಕದೆ ಅವತ್ತೇ ಕರೆ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆಟಗಳ ಅತಿ ಬಳಕೆಗೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ. ನೀವು ಬರೆದಿರುವಷ್ಟರಲ್ಲಿ ಅಲ್ಲಿಗೆ ಹೋಗುವ ಹಂತ ನನಗೆ ಕಾಣುತ್ತಿಲ್ಲ, ಅಂಥ ಜಾಗ ಇದೆ ಎಂದು ತಿಳಿದಿರಲಿ.

ಒಂದು ತಿಂಗಳು ಈ ನಿಯಮ ನಡೆಸಿ. ಆಮೇಲೆ ಮತ್ತೆ ಕೂತು ಯಾವುದು ನಡೆಯಿತು, ಯಾವುದು ಇಲ್ಲ ಎಂದು ಅವನನ್ನೇ ಕೇಳಿ. ರಾತ್ರಿಯದು ಬಿಟ್ಟು ಬೇರೆ ಏನನ್ನಾದರೂ ಬದಲಾಯಿಸಲು ತಯಾರಿರಿ. ಮಾತಿಗೆ ತಪ್ಪದೆ ನಡೆದುಕೊಂಡಿದ್ದರೆ ಶನಿವಾರಕ್ಕೆ ಅರ್ಧ ಗಂಟೆ ಸೇರಿಸಿ, ಯಾಕೆ ಸೇರಿಸಿದಿರಿ ಎಂದೂ ಹೇಳಿ.