ಹುಟ್ಟುಹಬ್ಬಕ್ಕೆ ಹಾಲ್ ಬುಕ್ ಮಾಡುವ ಬದಲು ಆಗುಂಬೆ ರಸ್ತೆ ಹಿಡಿದ ಕಥೆ

ನಿಮ್ಮ ಪ್ರಶ್ನೆ ಇಷ್ಟು: ಆರು ವರ್ಷದ ಮಗನ ಹುಟ್ಟುಹಬ್ಬಕ್ಕೆ ಪಾರ್ಟಿ ಬೇಡ, ಕಾರಲ್ಲಿ ಒಂದು ದಿನ ಸುತ್ತಾಡಿಸಿ ದಾರಿಯಲ್ಲಿ ಅಲ್ಲಲ್ಲಿ ಸರ್‌ಪ್ರೈಸ್ ಕೊಡೋಣ ಅಂತಿದ್ದೀರಿ, ಇದು ನಡೆಯುತ್ತಾ?

ನಡೆಯುತ್ತೆ. ಆದರೆ ‘ಎಲ್ಲಿಗೆ ಹೋಗ್ತಿದೀವಿ’ ಅಂತ ಪೂರ್ತಿ ಮುಚ್ಚಿಡಬೇಡಿ. ನಮಗೆ ಸರ್‌ಪ್ರೈಸ್ ಅನ್ನಿಸುವುದು ಹಿಂದಿನ ಸೀಟಲ್ಲಿ ಕೂತ ಮಗುವಿಗೆ ಬರೀ ಕಾಯುವ ಶಿಕ್ಷೆ.

ನಾವಿರುವುದು ಶಿವಮೊಗ್ಗದಲ್ಲಿ. ಮಗಳು ಹುಟ್ಟಿದ್ದು ಡಿಸೆಂಬರ್ 29ಕ್ಕೆ. ಏಳು ತುಂಬಿದ ದಿನ ಬೆಳಿಗ್ಗೆ ಹೊರಟು, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ, ರಾತ್ರಿಗೆ ಮೇಗರವಳ್ಳಿ ಕಡೆಯ ಅಜ್ಜಿ ಮನೆ ಸೇರುವುದು ಅಂತ ಲೆಕ್ಕ ಹಾಕಿದ್ದೆವು. ಮೊದಲು ನಾನು ಎಂಟು ಜಾಗ ಬರೆದಿದ್ದೆ. ಹೆಂಡತಿ ಪಟ್ಟಿ ನೋಡಿ, “ಇದು ಹುಟ್ಟುಹಬ್ಬವೋ ಚುನಾವಣಾ ಪ್ರಚಾರವೋ?” ಅಂದಳು. ನಾಲ್ಕಕ್ಕೆ ಇಳಿಯಿತು. ಒಂದೊಂದು ಜಾಗಕ್ಕೂ ಒಂದು ಒಗಟು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟೆವು. ಕಾರು ಹತ್ತಿದ ಮೇಲೆ ಅವಳೇ ತೆಗೆದು ಓದಬೇಕು.

ಮೊದಲ ಚೀಟಿ: “ನಾಲ್ಕು ಕಂಬ, ಎರಡು ಮೊರ, ಹಿಂದೊಂದು ಪೊರಕೆ.” ಎರಡು ಕಿಲೋಮೀಟರ್ ಹೋಗುವುದರೊಳಗೆ ಬಿಡಿಸಿಬಿಟ್ಟಳು. ಆನೆ ಬಿಡಾರ ಇರುವ ಸಕ್ರೆಬೈಲು ಶಿವಮೊಗ್ಗದಿಂದ 14 ಕಿ.ಮೀ. ಅಷ್ಟೇ. ಗಾಜನೂರು ಡ್ಯಾಮಿನ ಹಿನ್ನೀರಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಹನ್ನೊಂದರ ಮೇಲೆ ಅವು ಕಾಡಿಗೆ ಹೊರಟುಬಿಡುತ್ತವೆ. ಹಾಗಾಗಿ ಮೊದಲ ನಿಲುಗಡೆ ಅದೇ ಆಗಬೇಕಿತ್ತು. ಒಂದು ಆನೆ ನೀರಲ್ಲಿ ಮಗ್ಗುಲಾಗಿ ಮಲಗಿತ್ತು, ಸೊಂಡಿಲಿನ ತುದಿ ಮಾತ್ರ ಮೇಲೆ. ಮಾವುತರು ಕಿವಿಯ ಹಿಂದೆ ಉಜ್ಜುತ್ತಿದ್ದರು. ಮಗಳು ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನನ್ನ ಅಂಗಿ ಎಳೆದು, “ಅಪ್ಪ, ಅದಕ್ಕೂ ಕಿವಿ ಹಿಂದೆ ತೊಳೆಸ್ಕೊಳೋದು ಇಷ್ಟ ಇಲ್ಲ, ನೋಡು” ಅಂದಳು. ಹುಲ್ಲಿನೊಳಗೆ ಭತ್ತ, ಬೆಲ್ಲ ಇಟ್ಟು ಕಟ್ಟಿ ಆನೆ ಬಾಯಿಗೆ ಕೊಡುತ್ತಾರಲ್ಲ, ಅದನ್ನು ನೋಡಿದ ಮೇಲೆ ಮನೆಯಲ್ಲಿ ಒಂದು ವಾರ ಊಟದ ತುತ್ತೆಲ್ಲ ಆನೆ ತುತ್ತು.

ಎರಡನೆಯದು ಕೆಟ್ಟಿತು, ತಪ್ಪು ಪೂರ್ತಿ ನನ್ನದು. “ಮರದ ಮೇಲೆ ಬಿಳಿ ಹೂವು, ಕೀಳೋಕೆ ಹೋದ್ರೆ ಹಾರುತ್ತೆ” ಅಂತ ಬರೆದು ಮಂಡಗದ್ದೆಯಲ್ಲಿ ನಿಲ್ಲಿಸಿದೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಶಿವಮೊಗ್ಗದಲ್ಲೇ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು. ಡಿಸೆಂಬರ್ ಕೊನೆಯಲ್ಲಿ ಬರೀ ಮರ, ಬರೀ ನೀರು. “ಹೂವು ಉದುರಿಹೋಗಿದೆ” ಅಂತ ತೀರ್ಪು ಕೊಟ್ಟು ಅವಳು ಕಾರು ಹತ್ತಿದಳು. ನೀವು ಆರಿಸಿದ ಜಾಗ ಯಾವ ತಿಂಗಳಲ್ಲಿ ಚೆಂದ, ಯಾವ ವಾರ ರಜೆ ಅಂತ ಮೊದಲೇ ಕೇಳಿಕೊಳ್ಳಿ.

ತೀರ್ಥಹಳ್ಳಿಯಲ್ಲಿ ಊಟ. ಅಲ್ಲಿಂದ ಮುಂದಿನ ತಿರುವುಗಳಲ್ಲಿ ವಾಂತಿ ಆಗಬಹುದು, ಹೊಟ್ಟೆ ತುಂಬಾ ತಿನ್ನಿಸಬೇಡಿ. ಒಂದು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಕವರ್ ಕೈಗೆ ಸಿಗುವ ಹಾಗೆ ಇರಲಿ.

ಮೂರನೇ ಚೀಟಿಗೇ ನಾನು ಆ ವರ್ಷವೆಲ್ಲ ಕಾದಿದ್ದು. “ನೀನು ಹುಟ್ಟಿದ ದಿನವೇ ಹುಟ್ಟಿದ ಒಬ್ಬ ತಾತನ ಮನೆ.” ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29. ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳ್ಳಿಯ ಈ ಮನೆಯಲ್ಲಿ. ಅವತ್ತು ಅಲ್ಲಿ ಜನವೋ ಜನ. ತೋರಣ, ಹೂವು, ಮೈಕಿನಲ್ಲಿ ಹಾಡು. ಕಾರಿಂದ ಇಳಿದವಳೇ ಸುತ್ತ ನೋಡಿ ನನ್ನ ಕಿವಿಯಲ್ಲಿ, “ಇಷ್ಟು ಜನಕ್ಕೆ ನೀನೇ ಹೇಳಿದ್ದಾ?” ಅಂದಳು. ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ನನ್ನ ಹೆಂಡತಿ ಬಿಡುವವಳಲ್ಲ, ಸತ್ಯ ಹೇಳಿದಳು. ಮಗಳಿಗೆ ಬೇಜಾರೇನೂ ಆಗಲಿಲ್ಲ, ಅರ್ಧ ತನಗೆ, ಅರ್ಧ ತಾತನಿಗೆ ಅಂತ ಪಾಲು ಮಾಡಿಕೊಂಡಳು.

ಮನೆಯೊಳಗಿನ ಮರದ ಕಂಬ, ಹಳೇ ಪಾತ್ರೆಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿದಳು. ಮನೆ ಹತ್ತಿರದ ಗುಡ್ಡ ಕವಿಶೈಲ ಹಿಡಿಸಿತು. ಅಲ್ಲಿ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರುಗಳಿವೆ. ಅದರ ಮೇಲೆ ಬೆರಳಾಡಿಸುತ್ತ, “ಇವರಿಗೆ ಯಾರೂ ಬೈಲಿಲ್ವಾ?” ಅಂತ ಕೇಳಿದಳು. ಹಿಂದಿನ ವಾರವಷ್ಟೇ ಹಾಲಿನ ಗೋಡೆಯ ಮೇಲೆ ಹೆಸರು ಬರೆದು ಬೈಸಿಕೊಂಡಿದ್ದಳು. ಇವತ್ತಿಗೂ ಉತ್ತರ ಕೊಟ್ಟಿಲ್ಲ ನಾನು.

ನಾಲ್ಕನೆಯದು: “ದಿನಾ ಬೀಳ್ತಾನೆ, ಪೆಟ್ಟಾಗಲ್ಲ.” ವರ್ಷದ ಕೊನೆಯ ವಾರ ಆಗುಂಬೆಯ ಸೂರ್ಯಾಸ್ತದ ತಿರುವಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಐದಕ್ಕೆ ಮುಂಚೆ ಹೋಗಿ. ನಾವು ಐದೂವರೆಗೆ ಹೋಗಿ, ದೂರ ನಿಲ್ಲಿಸಿ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದೆವು. ಸೂರ್ಯ ಸಮುದ್ರಕ್ಕೆ ಮುಳುಗುವುದನ್ನು ನೋಡಲು ಆಕಾಶ ತಿಳಿಯಾಗಿರಬೇಕು, ಅವತ್ತು ಕೆಳಗೆ ಮಂಜಿನ ಹಾಗೆ ಮಬ್ಬು ಕಟ್ಟಿತ್ತು. ಕೆಂಪು ಚೆಂಡು ನೀರು ಮುಟ್ಟುವ ಮೊದಲೇ ಕರಗಿಹೋಯಿತು. “ಬೀಳಲೇ ಇಲ್ಲ, ಒಗಟು ತಪ್ಪು” ಅಂದಳು.

ಇನ್ನೊಂದು ಮಾತು, ಕೇಕಿನದು. ಡಿಕ್ಕಿಯಲ್ಲಿ ಕ್ರೀಮ್ ಕೇಕ್ ಇಟ್ಟುಕೊಂಡು ಮಲೆನಾಡಿನ ರಸ್ತೆಗೆ ಇಳಿಯಬೇಡಿ. ಅಜ್ಜಿ ಮನೆಯ ಜಗಲಿಯಲ್ಲಿ ಡಬ್ಬಿ ತೆಗೆದರೆ ಕೇಕ್ ಮುಚ್ಚಳಕ್ಕೆ ಅಂಟಿತ್ತು, ಮಗಳ ಹೆಸರಿನಲ್ಲಿ ಒಂದಕ್ಷರ ಉಳಿದಿತ್ತು. ಅವಳ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಒಳಗಿಂದ ಬಂದ ನಮ್ಮತ್ತೆ ರಾತ್ರಿ ಊಟಕ್ಕೆ ಬೇಯಿಸಿದ್ದ ಕಡುಬಿನಲ್ಲಿ ದಪ್ಪನೆಯ ಏಳು ಆರಿಸಿ ಬಾಳೆ ಎಲೆ ಮೇಲೆ ಸಾಲಾಗಿಟ್ಟು, ಒಂದೊಂದಕ್ಕೂ ಒಂದು ಮೇಣದಬತ್ತಿ ಚುಚ್ಚಿದರು. ಬಿಸಿಗೆ ಬತ್ತಿಗಳು ಒಂದೊಂದೇ ವಾಲುತ್ತಿದ್ದವು. ಅವು ಬೀಳುವುದರೊಳಗೆ ಊದಬೇಕು ಅಂತ ಮಗಳು, ಅವಳ ಚಿಕ್ಕಮ್ಮನ ಮಕ್ಕಳಿಬ್ಬರು ಒಟ್ಟಿಗೇ ಮುಗಿಬಿದ್ದರು. ಕಡುಬಿಗೆಲ್ಲ ಎಂಜಲು. ನಾವು ಹಾಗೇ ತಿಂದೆವು, ಕಾಯಿಚಟ್ನಿ ಜೊತೆ.

ಈ ಸಲ ಎಂಟನೇ ಹುಟ್ಟುಹಬ್ಬಕ್ಕೆ ಒಗಟು ತಾನೇ ಬರೆಯುತ್ತಾಳಂತೆ, ಎಲ್ಲಿಗೆ ಅಂತ ನಾವು ಬಿಡಿಸಬೇಕಂತೆ. ಮೊದಲನೆಯದು ಆಗಲೇ ಕೊಟ್ಟಿದ್ದಾಳೆ: “ಹೋಗೋವಾಗ ಖಾಲಿ, ಬರೋವಾಗ ಎಂಜಲು.” ನಮಗಿನ್ನೂ ಬಿಡಿಸಲಾಗಿಲ್ಲ, ನಿಮಗೆ ಹೊಳೆದರೆ ಹೇಳಿ.