ಎಡಿಎಚ್‌ಡಿ ಇದ್ರೆ ಯಾವ ಧ್ಯಾನ ಮಾಡ್ಬೇಕು?

ದೊಡ್ಡೋರಾದ್ಮೇಲೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದೆ ಚಡಪಡಿಸೋ ತೊಂದ್ರೆ) ಅಂತ ಗೊತ್ತಾಯ್ತು, ಉಸಿರು ನೋಡ್ತಾ ಕೂತ್ರೆ ಎರಡೇ ನಿಮಿಷಕ್ಕೆ ತಲೆ ಎಲ್ಲೆಲ್ಲೋ ಓಡತ್ತೆ, ನನ್ನಂಥೋರಿಗೆ ಧ್ಯಾನ ಆಗ್ಬರತ್ತಾ ಅಂತ ಕೇಳಿದೀರ. ನಂಗೂ ಅದೇ ತೊಂದ್ರೆ ಇದೆ, ಇರೋದು ಮೈಸೂರಲ್ಲಿ. ಆಗ್ಬರತ್ತೆ ರೀ, ಆದ್ರೆ ಯಾವ ತರದ್ದು ಅನ್ನೋದು ಮುಖ್ಯ.

ಮೊದ್ಲು ಒಂದು ಮಾತು, ತಲೆ ಓಡಿದ್ರೆ ಧ್ಯಾನ ಕೆಟ್ಟೋಯ್ತು ಅಂತಲ್ಲ. 2012ರಲ್ಲಿ ಅಮೆರಿಕದ ಎಮೊರಿ ಯೂನಿವರ್ಸಿಟಿಲಿ ಧ್ಯಾನ ರೂಢಿ ಇರೋರನ್ನ ಸ್ಕ್ಯಾನರ್‌ ಒಳಗೆ ಮಲಗಿಸಿ ಉಸಿರು ಗಮನಿಸಿ, ಮನಸ್ಸು ಬೇರೆ ಕಡೆ ಹೋಗಿದೆ ಅಂತ ಗೊತ್ತಾದ ತಕ್ಷಣ ಬಟನ್ ಒತ್ತಿ ಅಂದ್ರು. ಮನಸ್ಸು ಅಲೀತಿದ್ದಾಗ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅನ್ನೋ ಮೆದುಳಿನ ಭಾಗಗಳು ಚುರುಕಾಗಿದ್ವು, ಓಹ್ ಹೋಗ್ಬಿಟ್ಟಿದೀನಿ ಅಂತ ಗೊತ್ತಾದ ಗಳಿಗೆಲಿ ಬೇರೆ ಭಾಗ, ವಾಪಸ್ ಎಳ್ಕೊಂಡು ಬರೋವಾಗ ಹಣೆ ಹಿಂದಿನ ಭಾಗ. ಅಂದ್ರೆ ಅಲ್ಲಿ ಅಭ್ಯಾಸ ಆಗ್ತಿರೋದೇ ಈ ಗೊತ್ತಾಗೋದು, ವಾಪಸ್ ಬರೋದು. ನೂರು ಸಲ ಓಡಿದ್ರೆ ನೂರು ಸಲ ಅಭ್ಯಾಸ.

ಉಸಿರು, ಜಪ ಇವೆಲ್ಲ ಒಂದೇ ಕಡೆ ಗಮನ ನಿಲ್ಲಿಸೋ ಅಭ್ಯಾಸ. ಬಂದಿದ್ದನ್ನೆಲ್ಲ ಹಿಡ್ಕೊಳ್ದೆ ಸುಮ್ನೆ ನೋಡೋದು ಇನ್ನೊಂದು ತರ. 2007ರಲ್ಲಿ ಇಂಥ ನೋಡೋ ಅಭ್ಯಾಸ ಇರೋ ವಿಪಶ್ಯನ ಧ್ಯಾನದ ಮೂರು ತಿಂಗಳ ಶಿಬಿರ ಮಾಡಿದೋರನ್ನ ಪರೀಕ್ಷೆ ಮಾಡಿದ್ರು, ಪರದೆ ಮೇಲೆ ಅಕ್ಷರಗಳು ಪಟಪಟ ಅಂತ ಹೋಗ್ತಾ ಮಧ್ಯೆ ಎರಡು ಅಂಕಿ ಬರತ್ತೆ, ಅರ್ಧ ಸೆಕೆಂಡ್ ಒಳಗೆ ಬಂದ್ರೆ ಎರಡನೇದು ಎಷ್ಟೋ ಸಲ ತಪ್ಪಿಹೋಗತ್ತೆ, ಇವ್ರಿಗೆ ಮುಂಚೆಗಿಂತ ಚೆನ್ನಾಗಿ ಸಿಕ್ತು, ಮೊದಲ್ನೇ ಅಂಕಿಗೆ ಮೆದುಳು ಅಂಟ್ಕೊಳ್ಳೋದು ಕಮ್ಮಿ ಆಗಿತ್ತು. ಆದ್ರೆ ಅದು ದಿನಗಟ್ಲೆ ಕೂತಿದ್ದರ ಫಲ, ಮನೇಲಿ ಹತ್ತು ನಿಮಿಷ ಕೂತು ಅದನ್ನೇ ನಿರೀಕ್ಷೆ ಮಾಡ್ಬೇಡಿ. ಯಾರಾದ್ರೂ ನೇರ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಅಂದ್ರೂ ಈಗ್ಲೇ ಬೇಡ, ಬೆಳಗ್ಗೆ ನಾಲ್ಕಕ್ಕೆ ಎದ್ದು ದಿನಕ್ಕೆ ಸುಮಾರು ಹತ್ತು ಗಂಟೆ ಮೌನವಾಗಿ ಕೂರೋದು ನಮ್ಮಂಥೋರಿಗೆ ಮೊದಲ ಮೆಟ್ಟಿಲಲ್ಲ.

ನಮಗೆ ಅಂತ್ಲೇ ಮಾಡಿದ್ದು ಒಂದಿದೆ. 2008ರಲ್ಲಿ ಲಿಡಿಯಾ ಜಿಲೋವ್ಸ್ಕಾ ಅನ್ನೋ ಡಾಕ್ಟರ್ ತಂಡ ಎಡಿಎಚ್‌ಡಿ ಇರೋ ದೊಡ್ಡೋರಿಗೆ, ಹದಿಹರೆಯದೋರಿಗೆ ಎಂಟು ವಾರ ಧ್ಯಾನ ಕಲಿಸ್ತು, ಶುರು ಬರೀ ಐದು ನಿಮಿಷ, ಕೂರಕ್ಕಾಗ್ದಿದ್ರೆ ನಡೀತಾ ಮಾಡಿ ಅಂತ. ಸುಮಾರು ಜನ ತೊಂದ್ರೆ ಕಮ್ಮಿ ಆಯ್ತು ಅಂದ್ರು. ಚಿಕ್ಕ ಅಧ್ಯಯನ, ಹೋಲಿಸಕ್ಕೆ ಬೇರೆ ಗುಂಪಿರ್ಲಿಲ್ಲ, ಆದ್ರೂ ನಂಗೆ ದಾರಿ ಸಿಕ್ಕಿದ್ದು ಅಲ್ಲಿಂದ್ಲೇ.

ನಾನು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾಮೂಲಿಗಿಂತ ನಿಧಾನಕ್ಕೆ ನಡೀತೀನಿ. ಹಿಮ್ಮಡಿ ಮಣ್ಣಿಗೆ ತಾಗೋದು, ಅಂಗಾಲು ಊರೋದು, ಹೆಬ್ಬೆರಳು ತಳ್ಳೋದು, ಗಮನ ಅಷ್ಟರ ಮೇಲೆ. ಹಕ್ಕಿ ಕೂಗಿದ್ರೆ ಹೋಗತ್ತೆ, ಹೋಗಿದೆ ಅಂತ ಗೊತ್ತಾದ್ರೆ ಮತ್ತೆ ಹಿಮ್ಮಡಿಗೆ. ಕೂರ್ಲೇಬೇಕು ಅನ್ನಿಸಿದ್ರೆ ಅಜ್ಜಿ ಮಾಡ್ತಿದ್ದಂಗೆ ಬೆರಳ ಗೆಣ್ಣು ಎಣಿಸ್ಕೊಂಡು ಜಪ ಮಾಡಿ, ಕೈಗೆ ಕೆಲಸ ಇದ್ರೆ ನಿಜವಾಗ್ಲೂ ಸುಲಭ.

ಮಾತ್ರೆ ತಗೋತಿದ್ರೆ ಧ್ಯಾನ ಶುರು ಮಾಡ್ದೆ ಅಂತ ನೀವಾಗೇ ನಿಲ್ಲಿಸ್ಬೇಡಿ, ದಯವಿಟ್ಟು. ಎರಡೂ ಜೊತೆಲೇ ನಡೀಲಿ, ಕಮ್ಮಿ ಮಾಡೋದಿದ್ರೆ ಡಾಕ್ಟರ್ ಹೇಳ್ಲಿ. ಕೂತಾಗ ಭಯ, ಹಳೇ ನೋವು ಜಾಸ್ತಿ ಆಗ್ತಿದ್ರೆ ಅದನ್ನೂ ಅವ್ರಿಗೆ ಹೇಳಿ.