ಅಮೆರಿಕ ಎಚ್‌ಐವಿ ನೆರವು ನಿಲ್ಲಿಸಿದರೆ ಹಾಸನದಲ್ಲಿರುವ ನಮ್ಮಕ್ಕನಿಗೆ ಮಾತ್ರೆ ಸಿಗುವುದಿಲ್ಲವೇ?

ಸಿಗುತ್ತದೆ, ಹೆದರಬೇಡಿ. ಎಚ್‌ಐವಿಗೆ ಔಷಧ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳ ಮಾತ್ರೆಗೆ ಮುಖ್ಯವಾಗಿ ದುಡ್ಡು ಹಾಕುವುದು ನಮ್ಮದೇ ಸರ್ಕಾರ. 2004ರಿಂದ ಉಚಿತವಾಗಿ ಕೊಡುತ್ತಿದೆ. ಅಕ್ಕ ಒಂದು ದಿನವೂ ತಪ್ಪಿಸದಿರಲಿ.

ಅಮೆರಿಕ ನೆರವು ತಡೆಹಿಡಿದ ಏಟು ಬಿದ್ದಿರುವುದು ಹೆಚ್ಚಾಗಿ ಆಫ್ರಿಕಾದ ಬಡ ದೇಶಗಳಿಗೆ. 2003ರಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಜಾರ್ಜ್ ಬುಷ್ ಶುರು ಮಾಡಿದ ಪೆಪ್‌ಫಾರ್ ಎಂಬ ಎಚ್‌ಐವಿ ಯೋಜನೆಯ ನೆರವಿನಿಂದ ಸುಮಾರು 2 ಕೋಟಿ ಜನ ಮಾತ್ರೆ ನುಂಗುತ್ತಿದ್ದರು. (ಆ ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದು ಭಾರತದಲ್ಲೇ.) 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಬಹುತೇಕ ವಿದೇಶಿ ನೆರವನ್ನು ದಿಢೀರ್ ತಡೆಹಿಡಿದರು. ಜೀವ ಉಳಿಸುವ ಔಷಧಕ್ಕೆ ಆಮೇಲೆ ವಿನಾಯಿತಿ ಕೊಟ್ಟರು, ಆದರೆ ಅಷ್ಟರಲ್ಲಿ ಎಷ್ಟೋ ಕ್ಲಿನಿಕ್‌ಗಳಿಗೆ ಬೀಗ ಬಿದ್ದಿತ್ತು. ಗೋದಾಮಿನಲ್ಲಿ ಮಾತ್ರೆ ಇದ್ದರೇನು, ಹಳ್ಳಿಗೆ ಮುಟ್ಟಿಸುವವರ ಕೆಲಸವೇ ಹೋದರೆ? ಸಕಲೇಶಪುರದ ತೋಟದ ಲೈನ್‌ಮನೆಗಳಿಗೆ ಆಶಾ ಕಾರ್ಯಕರ್ತೆ ಬರುವುದೇ ನಿಂತರೆ ಹೇಗಿರುತ್ತದೆ, ಯೋಚಿಸಿ.

ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಹೆಚ್ಚುತ್ತದೆ, ಕ್ಷಯದಂಥ ರೋಗಗಳಿಗೆ ದಾರಿಯಾಗುತ್ತದೆ. ನನ್ನನ್ನು ತುಂಬಾ ಕಾಡುವುದು ಎಚ್‌ಐವಿ ಇರುವ ಬಸುರಿಯರ ವಿಚಾರ. ಚಿಕಿತ್ಸೆ ಸಿಕ್ಕರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ. ಸಿಗದಿದ್ದರೆ ಶೇ 15ರಿಂದ 45. ಸೋಂಕು ತಗಲಿ ಔಷಧ ಸಿಗದ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಹೋಗುತ್ತವೆ.